ಒಂದೇ ಹಳ್ಳದ ಎರಡು ದಂಡೆ

ಅಡಿಕೆ ಸಸಿ ನೆಟ್ಟರೆ ಫಸಲು ನೋಡಲು ಐದಾರು ವರ್ಷ ಬೇಕು. ಅಲ್ಲಿಯವರೆಗೆ ಗೊಬ್ಬರ, ನೀರು, ಕೂಲಿ ಎಲ್ಲ ಕೈಯಿಂದಲೇ ಹೋಗಬೇಕು. ಈ ನೆಲ ಆಮೇಲೂ ತನ್ನ ಕೈಯಲ್ಲೇ ಇರುತ್ತದೆ ಎಂಬ ಧೈರ್ಯ ಇಲ್ಲದವರು ಅಷ್ಟು ದುಡ್ಡು ಹೇಗೆ ಸುರಿಯುತ್ತಾರೆ?

ಉತ್ತರ ಕನ್ನಡ ಜಿಲ್ಲೆಯ ಶಿರಸಿ, ಕುಮಟಾ ಕಡೆಯ ಕೃಷಿ ಸಾಲದ ಅರ್ಜಿ ನೋಡುವುದು ನನ್ನ ಕೆಲಸ. ಅರ್ಜಿ ಬಂದ ಕೂಡಲೇ ಮೊದಲು ತೆಗೆಯುವುದು ಪಹಣಿ, ಅಂದರೆ ಜಮೀನು ಯಾರ ಹೆಸರಿನಲ್ಲಿದೆ ಎಂದು ಹೇಳುವ ದಾಖಲೆ. ತೋಟ ಎಷ್ಟೇ ಚೆನ್ನಾಗಿರಲಿ, ಪಹಣಿಯಲ್ಲಿ ಹೆಸರಿಲ್ಲದಿದ್ದರೆ ಕಡತ ಅಲ್ಲಿಗೇ ನಿಂತಿತು. ಸಹಕಾರಿ ಸಂಘಗಳ ಮೂಲಕ ಸಿಗುವ ಬಡ್ಡಿಯಿಲ್ಲದ ಬೆಳೆಸಾಲದ ಮಿತಿಯನ್ನು ಸರ್ಕಾರ 2023ರಲ್ಲಿ 3 ಲಕ್ಷದಿಂದ 5 ಲಕ್ಷ ರೂಪಾಯಿಗೆ ಏರಿಸಿತು. ಅಡಿಕೆ, ಕಾಳುಮೆಣಸಿಗೆ ಹವಾಮಾನ ಆಧಾರಿತ ಬೆಳೆ ವಿಮೆಯೂ ಇದೆ. ಎಲ್ಲದಕ್ಕೂ ಕೇಳುವುದು ಅದೇ ಪಹಣಿ. ಹಳ್ಳದ ಈಚೆ ದಂಡೆಯವರಿಗೆ ಬಡ್ಡಿಯಿಲ್ಲದ ಸಾಲ. ಆಚೆ ದಂಡೆಯಲ್ಲಿ ಅರಣ್ಯ ಅತಿಕ್ರಮಣದ ಜಾಗದವರಿಗೆ ಕೈಗಡ, ಇಲ್ಲವೇ ಚಿನ್ನ ಅಡವು. ಮಳೆ ಒಂದೇ, ಮಣ್ಣು ಒಂದೇ, ದುಡಿಮೆಯೂ ಒಂದೇ.

ದೇಶಗಳು ಯಾಕೆ ಬೆಳೆಯುತ್ತವೆ, ಯಾಕೆ ಹಿಂದುಳಿಯುತ್ತವೆ ಎಂಬುದಕ್ಕೆ ಆಳುವ ವ್ಯವಸ್ಥೆ, ಅದರ ನಿಯಮಗಳೇ ದೊಡ್ಡ ಕಾರಣ ಎಂದು ತೋರಿಸಿದವರಿಗೆ ಅರ್ಥಶಾಸ್ತ್ರದ ನೊಬೆಲ್ ಬಂದಿದೆ. 1993ರಲ್ಲಿ ಅದನ್ನು ಹಂಚಿಕೊಂಡವರಲ್ಲಿ ಡಗ್ಲಸ್ ನಾರ್ತ್ ಒಬ್ಬರು. 2024ರಲ್ಲಿ ಡರಾನ್ ಅಸೆಮೊಗ್ಲು, ಸೈಮನ್ ಜಾನ್ಸನ್, ಜೇಮ್ಸ್ ರಾಬಿನ್ಸನ್. ನಮ್ಮ ಜಿಲ್ಲೆಯಲ್ಲಿ ಇದನ್ನು ನೋಡಲು ಜಾಸ್ತಿ ದೂರ ಹೋಗಬೇಕಿಲ್ಲ. ಎರಡು ಕಾನೂನುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು.

ಮೊದಲನೆಯದು ಭೂಸುಧಾರಣೆ. 1974ರ ಮಾರ್ಚ್ 1ರಿಂದ ಗೇಣಿ, ಅಂದರೆ ಒಡೆಯರ ನೆಲವನ್ನು ಬಾಡಿಗೆಗೆ ಉಳುವ ಪದ್ಧತಿ, ರದ್ದಾಯಿತು. ದೇವರಾಜ ಅರಸರ ಸರ್ಕಾರ ತಾಲೂಕುಗಳಲ್ಲಿ ಭೂ ನ್ಯಾಯಮಂಡಳಿ ಮಾಡಿತು. ಉಳುವ ನೆಲ ತಮ್ಮ ಹೆಸರಿಗೆ ಬೇಕೆಂದು ಗೇಣಿದಾರರು 7ನೇ ನಮೂನೆಯ ಅರ್ಜಿ ತುಂಬಿ ಕೊಟ್ಟರೆ ವಿಚಾರಣೆ. ಮಂಡಳಿಯ ಮುಂದೆ ವಕೀಲರು ನಿಲ್ಲುವಂತಿರಲಿಲ್ಲ. ಈ ಒಂದು ಅಂಶ ನನಗೆ ಈಗಲೂ ಬಹಳ ದೊಡ್ಡದಾಗಿ ಕಾಣುತ್ತದೆ. ಓದು ಬಾರದ ಗೇಣಿದಾರ, ಮಾತು ಬಲ್ಲ ಒಡೆಯ, ಇಬ್ಬರೂ ಒಂದೇ ನೆಲದ ಮೇಲೆ ನಿಂತು ಮಾತಾಡಬೇಕಾಯಿತು. ಕಾನೂನು ಸುಮ್ನೆ ಮೇಲಿನಿಂದ ಇಳಿದದ್ದೂ ಅಲ್ಲ. ಅದಕ್ಕೆ ದಶಕಗಳ ಮೊದಲೇ ರೈತ ಮುಖಂಡ ದಿನಕರ ದೇಸಾಯಿಯವರಂಥವರು ಅಂಕೋಲೆಯ ರೈತರನ್ನು ಸಂಘಟಿಸಿದ್ದರು. ಗೇಣಿದಾರರ ಹೆಸರು ಪಹಣಿಗೆ ಬಂತು. ಪಹಣಿ ಬಂದ ಮೇಲೆ ಸೊಸೈಟಿಯ ಬಾಗಿಲು ತೆರೆಯಿತು. ಬಾವಿ, ತೆಂಗು, ಮಕ್ಕಳ ಓದು ಎಲ್ಲ ಅದರ ಹಿಂದೆಯೇ ಬಂದವು.

ಅದೇ ಕಾನೂನಿನ ಇನ್ನೊಂದು ಮುಖವನ್ನೂ ಹೇಳಬೇಕು. ಗೇಣಿಗೆ ಕೊಡುವುದು ಇವತ್ತಿಗೂ ನಿಷಿದ್ಧ. ಹಾಗಾಗಿ ಮುಂಬೈ, ಬೆಂಗಳೂರು ಸೇರಿದವರು ಕರಾವಳಿಯ ಗದ್ದೆಯನ್ನು ಪಾಳು ಬಿಡುತ್ತಾರೆಯೇ ಹೊರತು ಪಕ್ಕದವರಿಗೆ ಉಳಲು ಕೊಡಲು ಹೆದರುತ್ತಾರೆ. ಮಾಲೀಕತ್ವ ಉಳಿಸಿಕೊಂಡು ಬರೀ ಸಾಗುವಳಿಗೆ ಕೊಡುವ ದಾರಿಯೊಂದನ್ನು ಈಗಲಾದರೂ ಯೋಚಿಸಬೇಕು.

ಎರಡನೆಯದು ಅರಣ್ಯ ಹಕ್ಕು ಕಾಯ್ದೆ, 2006. ಕಾಡೇ ಜಾಸ್ತಿ ಇರುವ ಈ ಜಿಲ್ಲೆಗೆ ಇದಕ್ಕಿಂತ ಮುಖ್ಯ ಕಾನೂನು ಇನ್ನೊಂದಿಲ್ಲ. ಕಾಡಿನ ನೆಲದಲ್ಲಿ ವಾಸ, ಸಾಗುವಳಿ ಮಾಡಿಕೊಂಡಿರುವವರಿಗೆ ಮಾರಲಾಗದ, ಆದರೆ ಮಕ್ಕಳಿಗೆ ದಾಟುವ ಹಕ್ಕನ್ನು ಇದು ಕೊಡುತ್ತದೆ. ಪರಿಶಿಷ್ಟ ಪಂಗಡದವರು 2005ರ ಡಿಸೆಂಬರ್ 13ಕ್ಕೆ ಮೊದಲಿನಿಂದ ಅಲ್ಲಿದ್ದರೆ ಸಾಕು. ಉಳಿದವರು ಅದಕ್ಕೂ ಹಿಂದಿನ ಮೂರು ತಲೆಮಾರು, ಅಂದರೆ 75 ವರ್ಷದ ವಾಸಕ್ಕೆ ಪುರಾವೆ ಕೊಡಬೇಕು. ಲೆಕ್ಕ 1930ಕ್ಕೆ ಹೋಗುತ್ತದೆ. ಅಂಕೋಲೆಯಲ್ಲಿ ಉಪ್ಪಿನ ಸತ್ಯಾಗ್ರಹ ನಡೆದ ವರ್ಷ ಅದು. ಜಿಲ್ಲೆ ಆಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಾಡಂಚಿನ ಗುಡಿಸಲಿನವರ ಬಳಿ ಆಗಿನ ಯಾವ ಕಾಗದ ಇರುತ್ತದೆ? ಸಿದ್ದಿಯರು 2003ರಲ್ಲಿ ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದರಿಂದ ಅವರಿಗೆ ಈ 75 ವರ್ಷದ ಗೋಡೆ ಇಲ್ಲ. ಹಾಲಕ್ಕಿ ಒಕ್ಕಲಿಗರು ಆ ಪಟ್ಟಿಯಲ್ಲಿಲ್ಲ, ಅವರಿಗೆ ಇದೆ. ತಲೆಮಾರುಗಳಿಂದ ಇದೇ ಕಾಡಿನ ಜೊತೆ ಬದುಕಿದವರಿಗೆ ಇದು ಅನ್ಯಾಯ ಅಲ್ವಾ?

ರಾಜ್ಯದಲ್ಲಿ ಈ ಕಾಯ್ದೆಯಡಿ ತಿರಸ್ಕಾರವಾದ ಅರ್ಜಿಗಳೇ ಜಾಸ್ತಿ. ತಪ್ಪೆಲ್ಲ ಕಾಯ್ದೆಯದ್ದು ಅನ್ನಲಾರೆ. ಊರ ಹಿರಿಯರ ಹೇಳಿಕೆ, ಹಳೆಯ ಬಾವಿ, ಸ್ಮಶಾನ ಇಂಥವೂ ಪುರಾವೆಯೇ ಎಂದು ನಿಯಮ ಹೇಳುತ್ತದೆ. ಇಂಥದ್ದೇ ದಾಖಲೆ ಬೇಕೆಂದು ಅರ್ಜಿ ತೀರ್ಮಾನಿಸುವ ಉಪವಿಭಾಗ, ಜಿಲ್ಲಾ ಮಟ್ಟದ ಸಮಿತಿಗಳು ಹಟ ಹಿಡಿಯುವಂತಿಲ್ಲ ಎಂದು 2012ರ ತಿದ್ದುಪಡಿಯಲ್ಲಿ ಸ್ಪಷ್ಟವಾಗಿಯೇ ಇದೆ. ನಿಯಮ ಪುಸ್ತಕದಲ್ಲಿ ಒಂದು, ಮೇಜಿನ ಮೇಲೆ ಇನ್ನೊಂದು ಆದಾಗ ಹೂಡಿಕೆ ಸತ್ತುಹೋಗುತ್ತದೆ. ಆಚೆ ದಂಡೆಯವರು ತುಂತುರು ನೀರಾವರಿಗೆ ದುಡ್ಡು ಹಾಕುವುದಿಲ್ಲ, ಮನೆಗೆ ಗಟ್ಟಿ ಗೋಡೆ ಕಟ್ಟುವುದಿಲ್ಲ.

ನಿಮ್ಮ ಅರ್ಜಿ ತಿರಸ್ಕಾರವಾಗಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ತಿಳಿಸಿದ ದಿನದಿಂದ 60 ದಿನದೊಳಗೆ ಮೇಲ್ಮನವಿ ಹಾಕಬಹುದು, ಸಮಿತಿ ಒಪ್ಪಿದರೆ ಇನ್ನೂ 30 ದಿನ ಸಿಗುತ್ತದೆ. ಹಿರಿಯರು ಗಟ್ಟಿಯಿರುವಾಗಲೇ ಅವರ ಹೇಳಿಕೆ ಬರೆಸಿಕೊಂಡು, ಅದರ ಪ್ರತಿಯನ್ನು ಗ್ರಾಮದ ಅರಣ್ಯ ಹಕ್ಕು ಸಮಿತಿಗೆ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ.