ಲಿಬೆರೊ ಅಂದರೆ ಯಾರು?

ವಾಲಿಬಾಲ್ ನೋಡುವವರಿಗೆ ಈ ಪದ ಗೊತ್ತಿರುತ್ತದೆ. ಬೇರೆ ಬಣ್ಣದ ಜೆರ್ಸಿ ಹಾಕಿಕೊಂಡು ಹಿಂದೆ ಆಡುವ ಆಟಗಾರ. ಆದರೆ ಫುಟ್‌ಬಾಲ್‌ನಲ್ಲಿ ಲಿಬೆರೊ ಅದಕ್ಕಿಂತ ಎಷ್ಟೋ ಹಳಬ. ಇಟಾಲಿಯನ್ ಪದ, ಯಾವ ಕಟ್ಟೂ ಇಲ್ಲದವನು ಅಂತ ಅರ್ಥ.

ಯಾವ ಕಟ್ಟು ಅಂದರೆ, ಮ್ಯಾನ್ ಮಾರ್ಕಿಂಗ್. ಹಿಂದೆಲ್ಲ ಒಬ್ಬೊಬ್ಬ ಡಿಫೆಂಡರ್‌ಗೆ ಎದುರಾಳಿಯ ಒಬ್ಬೊಬ್ಬ ಫಾರ್ವರ್ಡ್‌ನನ್ನು ಗಂಟು ಹಾಕುತ್ತಿದ್ದರು. ಅವನು ಎಲ್ಲಿ ಹೋದರೂ ಇವನು ಬೆನ್ನ ಹಿಂದೆ. ಒಬ್ಬ ಕೈತಪ್ಪಿದರೆ ಮುಗೀತು, ಉಳಿಯುವುದು ಗೋಲ್‌ಕೀಪರ್ ಮಾತ್ರ. ಅದಕ್ಕೇ ಇವರೆಲ್ಲರ ಹಿಂದೆ ಯಾರ ಜವಾಬ್ದಾರಿಯೂ ಇಲ್ಲದ ಒಬ್ಬನನ್ನು ನಿಲ್ಲಿಸಿದರು. ತಪ್ಪಿಸಿಕೊಂಡು ಬಂದದ್ದನ್ನೆಲ್ಲ ಗುಡಿಸುವುದೇ ಅವನ ಕೆಲಸ. ಇಂಗ್ಲಿಷಿನವರು ಸ್ವೀಪರ್ ಅಂದದ್ದು ಸುಮ್ನೆ ಅಲ್ಲ. ಹೆಲೆನಿಯೊ ಹೆರೆರಾ ತರಬೇತಿಯ ಇಟಲಿಯ ಇಂಟರ್ ಮಿಲಾನ್ ಕ್ಲಬ್ 1964 ಮತ್ತು 1965ರಲ್ಲಿ ಯುರೋಪಿಯನ್ ಕಪ್ ಗೆದ್ದಾಗ ನಾಯಕ ಅರ್ಮಾಂಡೊ ಪಿಕ್ಕಿ ಆಡುತ್ತಿದ್ದದ್ದು ಇದೇ ಜಾಗದಲ್ಲಿ.

ಇಲ್ಲಿವರೆಗೆ ಇದು ಬರೀ ಕಾವಲು ಕೆಲಸ. ಇದನ್ನು ಬದಲಾಯಿಸಿದವರು ಜರ್ಮನಿಯ ಫ್ರಾಂಜ್ ಬೆಕೆನ್‌ಬಾವರ್. ಲಿಬೆರೊ ಯಾರನ್ನೂ ಮಾರ್ಕ್ ಮಾಡುವುದಿಲ್ಲ, ಸರಿ. ಹಾಗಂತ ಅವನನ್ನೂ ಯಾರೂ ಮಾರ್ಕ್ ಮಾಡುವುದಿಲ್ಲ ಅಲ್ವಾ? ಮೊದಲು ಮಿಡ್‌ಫೀಲ್ಡರ್ ಆಗಿದ್ದ ಅವರು ಚೆಂಡು ಸಿಕ್ಕ ತಕ್ಷಣ ಹಿಂದಿನಿಂದ ತಲೆ ಎತ್ತಿಕೊಂಡು ನಡೆದು ಬರುತ್ತಿದ್ದರು, ಎದುರಾಳಿಗಳು ತಮ್ಮ ಆಳನ್ನು ಬಿಟ್ಟು ಇವರನ್ನು ತಡೆಯಬೇಕೋ ಬೇಡವೋ ಅಂತ ಯೋಚಿಸುವಷ್ಟರಲ್ಲಿ ಪಾಸ್ ಹೋಗಿಯೇ ಬಿಟ್ಟಿರುತ್ತಿತ್ತು. 1974ರಲ್ಲಿ ಪಶ್ಚಿಮ ಜರ್ಮನಿಯ ನಾಯಕರಾಗಿ ವಿಶ್ವಕಪ್ ಗೆದ್ದರು. ಜನ ಅವರನ್ನು 'ಕೈಸರ್' ಅಂದರು, ಅಂದರೆ ಚಕ್ರವರ್ತಿ. ಡಿಫೆಂಡರ್‌ಗೆ ಇಂಥ ಬಿರುದು!

ಡಿಫೆಂಡರ್‌ಗಳಿಗೆ ಹೆಸರು ಬರುವುದೇ ಕಷ್ಟ ನೋಡಿ. ಗೋಲು ಹೊಡೆದವನ ಕ್ಲಿಪ್ ಎಲ್ಲರೂ ನೋಡುತ್ತಾರೆ, ಆಗದೇ ಹೋದ ಗೋಲಿನ ಕ್ಲಿಪ್ ಯಾರು ನೋಡುತ್ತಾರೆ? ವರ್ಷದ ಅತ್ಯುತ್ತಮ ಫುಟ್‌ಬಾಲ್ ಆಟಗಾರನಿಗೆ ಅಂತ 1956ರಿಂದ ಕೊಡುತ್ತಿರುವ ಪುರುಷರ ಬ್ಯಾಲನ್ ಡಿಯೋರ್ ಪ್ರಶಸ್ತಿ ಡಿಫೆಂಡರ್‌ಗಳಿಗೆ ಬಂದದ್ದು ನಾಲ್ಕೇ ಸಲ. 1972 ಮತ್ತು 1976ರಲ್ಲಿ ಬೆಕೆನ್‌ಬಾವರ್, 1996ರಲ್ಲಿ ಮಥಿಯಾಸ್ ಸಾಮರ್, 2006ರಲ್ಲಿ ಫಾಬಿಯೊ ಕನ್ನವಾರೊ. ಇವರಲ್ಲಿ ಕನ್ನವಾರೊ ಒಬ್ಬರನ್ನು ಬಿಟ್ಟರೆ ಉಳಿದಿಬ್ಬರೂ ಲಿಬೆರೊಗಳೇ. ನನ್ನ ಪ್ರಕಾರ ಇದು ಕಾಕತಾಳೀಯ ಅಲ್ಲ. ಚೆಂಡು ಹಿಡಿದು ಮುಂದೆ ಬರುವ ಡಿಫೆಂಡರ್ ಮಾತ್ರ ಜನರ ಕಣ್ಣಿಗೆ ಬೀಳುತ್ತಾನೆ.

ಈಗ ಆ ಜಾಗ ಹೆಚ್ಚುಕಡಿಮೆ ಇಲ್ಲ. ತಂಡಗಳು ಆಳನ್ನು ಬಿಟ್ಟು ಜಾಗ ಕಾಯುವುದನ್ನು ಕಲಿತವು, ಡಿಫೆಂಡರ್‌ಗಳು ಒಂದೇ ಸಾಲಿನಲ್ಲಿ ಮುಂದೆ ಸರಿದು ಎದುರಾಳಿಯನ್ನು ಆಫ್‌ಸೈಡ್‌ಗೆ ಸಿಕ್ಕಿಸತೊಡಗಿದರು. ಪಾಸ್ ಕೊಡುವ ಕ್ಷಣದಲ್ಲಿ ಫಾರ್ವರ್ಡ್, ಗೋಲ್‌ಕೀಪರ್ ಬಿಟ್ಟು ಕೊನೆಯ ಡಿಫೆಂಡರ್‌ಗಿಂತ ಗೋಲಿಗೆ ಹತ್ತಿರ ಇದ್ದರೆ ಅದು ಆಫ್‌ಸೈಡ್, ಅಂದರೆ ನಿಯಮಕ್ಕೆ ವಿರುದ್ಧ. ಆ ಸಾಲಿನ ಹಿಂದೆ ಲಿಬೆರೊ ಒಬ್ಬ ನಿಂತಿದ್ದರೆ ಆಫ್‌ಸೈಡ್ ಎಲ್ಲಿಂದ ಬರಬೇಕು? ಎಸಿ ಮಿಲಾನ್ ಕ್ಲಬ್‌ನ ಫ್ರಾಂಕೊ ಬರೇಸಿ ಲಿಬೆರೊ ಆಗಿ ಶುರು ಮಾಡಿ, ಕೊನೆಗೆ ಅಂಥ ಸಾಲನ್ನೇ ನಡೆಸಿದವರು.

1992ರಲ್ಲಿ ಇನ್ನೊಂದು ನಿಯಮ ಬಂತು. ತನ್ನ ತಂಡದವನು ಬೇಕಂತಲೇ ಕಾಲಲ್ಲಿ ಕೊಟ್ಟ ಪಾಸನ್ನು ಗೋಲ್‌ಕೀಪರ್ ಕೈಯಲ್ಲಿ ಹಿಡಿಯುವ ಹಾಗಿಲ್ಲ. ಕೀಪರ್‌ಗಳು ಕಾಲಲ್ಲಿ ಆಡುವುದನ್ನು ಕಲಿಯಲೇಬೇಕಾಯಿತು. 2014ರ ವಿಶ್ವಕಪ್‌ನಲ್ಲಿ ಅಲ್ಜೀರಿಯಾ ವಿರುದ್ಧ ಜರ್ಮನಿಯ ಮ್ಯಾನುಯೆಲ್ ನಾಯರ್ ಗೋಲಿನ ಮುಂದಿನ ಬಾಕ್ಸ್ ಬಿಟ್ಟು ಮತ್ತೆ ಮತ್ತೆ ಹೊರಗೆ ಓಡಿ ಬಂದು ಚೆಂಡು ಒದ್ದದ್ದು ನೆನಪಿದೆಯಾ? ಅವತ್ತು ಅವರು ಮಾಡಿದ್ದು ಲಿಬೆರೊನ ಹಳೇ ಕೆಲಸ, ಅಂಥವರಿಗೆ ಈಗ ಸ್ವೀಪರ್ ಕೀಪರ್ ಅಂತಲೇ ಹೆಸರು.