ಹಾರೋದು ಸರಿ, ಬಾಗಿಲಲ್ಲಿ ಹಿಡಿಸುತ್ತದಾ?

ಹಬ್ಬಕ್ಕೆ ಊರಿಗೆ ಹೋದಾಗಲೆಲ್ಲ ನನಗೆ ಬಾವಮೈದನ ಒಂದೇ ಪ್ರಶ್ನೆ ಕಾದಿರುತ್ತದೆ. ‘ನಮ್ಮ ಎಚ್‌ಎಎಲ್‌ನ ಧ್ರುವ ಹೆಲಿಕಾಪ್ಟರ್ ಸಿಯಾಚಿನ್‌ನಲ್ಲೇ ಹಾರುತ್ತದೆ. ಅದನ್ನೇ ಹಡಗಿಗೆ ಹಾಕೋಕೆ ಏನು ಧಾಡಿ?’

ನೌಕಾಪಡೆಯಲ್ಲಿ ಹೆಲಿಕಾಪ್ಟರ್ ರಿಪೇರಿ ಮಾಡಿಕೊಂಡೇ ತಲೆ ನೆರೆತವನು ನಾನು. ಆದರೂ ಬಾವಮೈದನಿಗೆ ಇನ್ನೂ ಅರ್ಥ ಮಾಡಿಸಲು ಆಗಿಲ್ಲ.

ಮೊದಲು ಎರಡು ವಿಷಯ ಬೇರೆ ಮಾಡೋಣ. ಅಮೆರಿಕದಿಂದ ಕೊಂಡ 24 ಎಂಎಚ್-60ಆರ್ ಹೆಲಿಕಾಪ್ಟರ್‌ಗಳು ಹಳೆಯ ಸೀ ಕಿಂಗ್ ಹೆಲಿಕಾಪ್ಟರ್‌ಗಳ ಜಾಗಕ್ಕೆ. ಜಲಾಂತರ್ಗಾಮಿ ಬೇಟೆ ಅವುಗಳ ಮುಖ್ಯ ಕೆಲಸ. 2020ರಲ್ಲಿ ಒಪ್ಪಂದವಾಯಿತು, 2024ರ ಮಾರ್ಚ್‌ನಲ್ಲಿ ಕೊಚ್ಚಿಯಲ್ಲಿ ಮೊದಲ ಸ್ಕ್ವಾಡ್ರನ್ ಶುರುವಾಯಿತು. ಆ ಕಥೆ ಮುಗಿಯಿತು. ತಲೆನೋವು ಇರುವುದು ಚೇತಕ್ ಎಂಬ ಸಣ್ಣ ಹೆಲಿಕಾಪ್ಟರ್ ವಿಷಯದಲ್ಲಿ. 1959ರಲ್ಲಿ ಫ್ರಾನ್ಸಿನಲ್ಲಿ ಮೊದಲು ಹಾರಿದ ಮಾದರಿ ಅದು. ಬೆಂಗಳೂರಿನಲ್ಲೇ ತಯಾರಾಗಿ ನಮ್ಮ ಹಡಗುಗಳಿಗೆ ಬಂತು. ಒಂದೇ ಎಂಜಿನ್, ತೂಕ ಹೆಚ್ಚೆಂದರೆ 2.2 ಟನ್. ಅದರ ಬದಲಿಗೆ 111 ಹೆಲಿಕಾಪ್ಟರ್ ಬೇಕೆಂದು 2018ರಲ್ಲೇ ಒಪ್ಪಿಗೆ ಸಿಕ್ಕಿತ್ತು.

ಈಗ ಬಾಗಿಲಿನ ಮಾತು. ಹೆಲಿಕಾಪ್ಟರ್ ಇಡುವ ಹಡಗಿನ ಹ್ಯಾಂಗರ್ ಅಂದರೆ ವಿಮಾನ ನಿಲ್ದಾಣದ ಶೆಡ್ಡಲ್ಲ, ಕಾರಿನ ಗ್ಯಾರೇಜು ಅಂದುಕೊಳ್ಳಿ. ಚೇತಕ್‌ನ ಮೇಲೆ ತಿರುಗುವ ಮೂರು ರೆಕ್ಕೆಗಳನ್ನು ಹಿಂದಕ್ಕೆ ಮಡಚಿ ಬಾಲದ ಮೇಲೆ ಒರಗಿಸಿದರೆ ಅದು ಒಳಗೆ ಹೋಗುತ್ತದೆ. ಆ ಜಾಗಕ್ಕೆ ಬಾವಮೈದ ಹೇಳುವ ಧ್ರುವ 5.5 ಟನ್. ನಾಲ್ಕು ರೆಕ್ಕೆ ತಿರುಗುವ ಸುತ್ತಿನ ಅಗಲ 13 ಮೀಟರಿಗೂ ಜಾಸ್ತಿ. ಅದರ ರೆಕ್ಕೆಯ ಬುಡದಲ್ಲಿ ಕೀಲೇ ಇಲ್ಲ, ಬುಡವೇ ಬಾಗುತ್ತದೆ. ಅದರ ಚುರುಕುತನದ ಗುಟ್ಟೂ ಅದೇ. ಆದರೆ ಮಡಚಬೇಕೆಂದರೆ ಎಲ್ಲೋ ಒಂದು ಕೀಲು ಕೊಡಲೇಬೇಕು. ಪ್ರತಿ ಸುತ್ತಿನಲ್ಲೂ ರೆಕ್ಕೆಯನ್ನು ಹೊರಗೆಳೆಯುವ ಟನ್‌ಗಟ್ಟಲೆ ಬಲವನ್ನು ಆ ಕೀಲೇ ತಡೆಯಬೇಕು, ಅದೂ ಉಪ್ಪು ಗಾಳಿಯಲ್ಲಿ. ನೌಕಾಪಡೆಯ ಬೂದು ಬಣ್ಣ ಬಳಿದರೆ ಸಾಕು ಅನ್ನುವವರ ಮೇಲೆ ನನಗೆ ಸಿಟ್ಟು ಬರುವುದು ಇಲ್ಲೇ.

ಒಂದು ರಾತ್ರಿ ನೆನಪಿದೆ. ಮಳೆಗಾಲದ ಅರಬ್ಬಿ ಸಮುದ್ರ, ಆರು ಜನ ಚೇತಕ್ ತಳ್ಳುತ್ತಿದ್ದೆವು. ಬಾಗಿಲ ಎರಡೂ ಕಡೆ ಒಂದೊಂದು ಗೇಣು ಜಾಗ. ಹಡಗು ಹೊಯ್ದಾಡಿ ಸಮಕ್ಕೆ ಬರುವ ಗಳಿಗೆಗೆ ಕಾದು, ‘ಹೂಂ, ಈಗ!’ ಅಂದಾಗ ತಳ್ಳಬೇಕು. ಅವತ್ತು ಅರೆಕ್ಷಣ ತಡವಾಯಿತು, ರೆಕ್ಕೆಯ ತುದಿ ಚೌಕಟ್ಟಿಗೆ ತಾಗಿತು. ಉಗುರಿನಷ್ಟು ಬಣ್ಣ ಹೋಗಿತ್ತು, ಅಷ್ಟೇ. ಆದರೂ ಆ ರೆಕ್ಕೆ ಬಿಚ್ಚಿಡಬೇಕಾಯಿತು. ಬಂದರು ಸೇರುವವರೆಗೆ ನಮ್ಮ ಹಡಗಿಗೆ ಹೆಲಿಕಾಪ್ಟರ್ ಇದ್ದೂ ಇಲ್ಲ.

‘ಬಾಗಿಲನ್ನೇ ದೊಡ್ಡದು ಮಾಡಿ’ ಅಂತ ಬಾವಮೈದ. ಮಾಡಬಹುದು, ಕಟ್ಟುವಾಗಲೇ. ಹಳೆಯ ತಾರಾಗಿರಿ, ವಿಂಧ್ಯಗಿರಿ ಯುದ್ಧನೌಕೆಗಳಿಗೆ ಸೀ ಕಿಂಗ್ ಹಿಡಿಸಲೆಂದು ಮುಂಬೈಯಲ್ಲಿ ನಕ್ಷೆಯನ್ನೇ ಬದಲಿಸಿದರು. ತೇಲುತ್ತಿರುವ ಹಡಗಿನಲ್ಲಿ ಗೋಡೆ ಒಡೆಯೋದು ಹಾಗಲ್ಲ. ಗೋಡೆಯಾಚೆ ಪೈಪು, ಕೇಬಲ್ಲು, ಕೆಲವು ಕಡೆ ಮದ್ದುಗುಂಡು ಇರುತ್ತದೆ. ಒಂದೊಂದು ಹಡಗಿನದೂ ಬೇರೆ ಲೆಕ್ಕ, ಎಲ್ಲದಕ್ಕೂ ನನ್ನ ಮಾತೇ ಕೊನೆಯಲ್ಲ.

ಎಚ್‌ಎಎಲ್‌ನವರು ಈಗ ಮಡಚುವ ರೆಕ್ಕೆ, ಮಡಚುವ ಬಾಲ ಎರಡನ್ನೂ ಮಾಡಿದ್ದಾರೆ. ಖುಷಿಯ ವಿಷಯ. ಆದರೆ ಅವರು ಸಿಕ್ಕರೆ ನಾನು ವೇಗ ಕೇಳೋದಿಲ್ಲ. ಮಳೆಯಲ್ಲಿ, ರಾತ್ರಿ, ಹಡಗು ಹೊಯ್ದಾಡುವಾಗ, ಮಡಚಲು ಎಷ್ಟು ಜನ ಬೇಕು, ಎಷ್ಟು ನಿಮಿಷ ಬೇಕು?