ಪದ ಪರಿಚಯ: ಮಂಗೋಲಿಯಾದ ‘ಮೂರನೇ ನೆರೆರಾಷ್ಟ್ರ’

ಮಂಗೋಲಿಯಾದ ವಿದೇಶಾಂಗ ವಿಚಾರ ಓದಲು ಕೂತರೆ ‘ಮೂರನೇ ನೆರೆರಾಷ್ಟ್ರ’ ಅನ್ನುವ ಮಾತು ಸಿಕ್ಕೇ ಸಿಗುತ್ತದೆ. ಭೂಪಟ ತೆಗೆದು ನೋಡಿದರೆ ಗೊಂದಲ ಆಗುತ್ತದೆ, ಯಾಕಂದ್ರೆ ಆ ದೇಶಕ್ಕಿರುವುದು ಎರಡೇ ನೆರೆ. ಉತ್ತರಕ್ಕೆ ರಷ್ಯಾ. ಉಳಿದ ಮೂರೂ ಕಡೆ ಹೆಚ್ಚುಕಡಿಮೆ ಚೀನಾ. 8,000 ಕಿಲೋಮೀಟರಿಗೂ ಜಾಸ್ತಿ ಉದ್ದದ ಗಡಿ, ಅದರಲ್ಲಿ ಒಂದು ಅಡಿ ಕೂಡ ಬೇರೆಯವರ ಜೊತೆ ಇಲ್ಲ. ಸಮುದ್ರವಂತೂ ಇಲ್ಲವೇ ಇಲ್ಲ. ಹಾಗಾದರೆ ಈ ಮೂರನೆಯವರು ಯಾರು?

ಅಮೆರಿಕ, ಜಪಾನ್, ದಕ್ಷಿಣ ಕೊರಿಯಾ, ಭಾರತ, ಯೂರೋಪಿನ ದೇಶಗಳು. ಗಡಿ ಮುಟ್ಟದಿದ್ದರೂ ನೆರೆಯವರ ಹಾಗೆ ಹತ್ತಿರ ಇರಲಿ ಎಂದು ಮಂಗೋಲಿಯಾ ತಾನಾಗಿ ಆರಿಸಿಕೊಂಡ ದೇಶಗಳಿಗೆಲ್ಲ ಸೇರಿಸಿ ಇಟ್ಟ ಹೆಸರು ಇದು. ಮಂಗೋಲರು ‘ಗುರವ್ದಗ್ಚ್ ಹೊರ್ಶ್’ ಅನ್ನುತ್ತಾರೆ. ಇದು ಭಾಷಣದ ಅಲಂಕಾರ ಅಲ್ಲ, ಆ ದೇಶದ ಅಧಿಕೃತ ವಿದೇಶಾಂಗ ನೀತಿಯಲ್ಲೇ ಬರೆದಿಟ್ಟಿರುವ ಮಾತು.

ಇದು ಚಾಲ್ತಿಗೆ ಬಂದದ್ದು 1990ರಲ್ಲಿ. ಆ ವರ್ಷ ಚಳಿಗಾಲದಲ್ಲಿ ಉಲಾನ್‌ಬಾತರ್‌ನ ಸುಖ್‌ಬಾತರ್ ಚೌಕದಲ್ಲಿ ಯುವಕರು ಉಪವಾಸ ಕೂತರು, ಏಕಪಕ್ಷದ ಸರ್ಕಾರ ಗುಂಡು ಹಾರಿಸದೆ ದಾರಿ ಬಿಟ್ಟುಕೊಟ್ಟಿತು, ಬೇಸಿಗೆಯ ಹೊತ್ತಿಗೆ ಬಹುಪಕ್ಷಗಳ ಚುನಾವಣೆಯೂ ಆಯಿತು. ಆಗಸ್ಟ್ ಶುರುವಿನಲ್ಲಿ ಅಮೆರಿಕದ ವಿದೇಶಾಂಗ ಮಂತ್ರಿ ಜೇಮ್ಸ್ ಬೇಕರ್ ಅಲ್ಲಿಗೆ ಬಂದರು. ಅಮೆರಿಕ ನಿಮ್ಮ ಮೂರನೇ ನೆರೆ ಎಂದು ಭಾವಿಸಿ ಎಂಬರ್ಥದ ಮಾತಾಡಿದರು. ಅವರು ಅಲ್ಲಿದ್ದಾಗಲೇ ಇರಾಕ್ ಕುವೈತ್ ಮೇಲೆ ದಾಳಿ ಮಾಡಿತು, ಬೇಕರ್ ಪ್ರವಾಸ ಮೊಟಕು ಮಾಡಿ ಹೊರಟುಬಿಟ್ಟರು. ಆಡಿದ ಮಾತು ಮಾತ್ರ ಅಲ್ಲೇ ಉಳಿಯಿತು. ಅಮೆರಿಕಕ್ಕಷ್ಟೇ ಅನ್ವಯಿಸಿದ್ದ ಆ ಹೆಸರನ್ನು ಮಂಗೋಲರು ಹಿಗ್ಗಿಸಿ ಎಷ್ಟೋ ದೇಶಗಳನ್ನು ಅದರೊಳಗೆ ಕರೆದುಕೊಂಡರು. ಜಾಣತನ ಇದ್ದದ್ದು ಅಲ್ಲೇ ಅನ್ನಿಸುತ್ತದೆ ನನಗೆ.

ಇಷ್ಟು ಆತುರ ಯಾಕೆ? ಹಿಂದಿನ ಕಥೆ ಗೊತ್ತಿದ್ದರೆ ಅರ್ಥವಾಗುತ್ತದೆ. ಎರಡು ಶತಮಾನಕ್ಕೂ ಹೆಚ್ಚು ಕಾಲ ಚೀನಾದ ಚಿಂಗ್ ರಾಜವಂಶದ ಕೆಳಗಿದ್ದ ಮಂಗೋಲರು 1911ರಲ್ಲಿ ಸ್ವತಂತ್ರರೆಂದು ಸಾರಿಕೊಂಡರು. 1919ರಲ್ಲಿ ಚೀನಾದ ಸೇನೆ ಮತ್ತೆ ಬಂತು. 1921ರಲ್ಲಿ ಅದನ್ನೆಲ್ಲ ಕೊನೆಗಾಣಿಸಲು ಸೋವಿಯತ್ ಸೇನೆಯ ನೆರವು ಬೇಕಾಯಿತು, ಆಮೇಲೆ ಸುಮಾರು 70 ವರ್ಷ ಮಾಸ್ಕೋ ಹೇಳಿದ್ದೇ ಮಾತು. 1930ರ ದಶಕದಲ್ಲಿ ಸ್ಟಾಲಿನ್ ಒತ್ತಡದಲ್ಲಿ ನೂರಾರು ಬೌದ್ಧ ಮಠಗಳನ್ನು ನೆಲಸಮ ಮಾಡಿದರು, ಸಾವಿರಾರು ಲಾಮಾಗಳನ್ನು ಕೊಂದರು. 1940ರ ದಶಕದಲ್ಲಿ ಮೇಲಿನಿಂದ ಕೆಳಕ್ಕೆ ಬರೆಯುವ ಅವರ ಹಳೆಯ ಲಿಪಿ ಹೋಗಿ ರಷ್ಯಾದ ಸಿರಿಲಿಕ್ ಬಂತು. ಒಬ್ಬರಿಂದ ತಪ್ಪಿಸಿಕೊಳ್ಳಬೇಕಾದರೆ ಇನ್ನೊಬ್ಬರ ಕೈ ಹಿಡಿಯಬೇಕು, ಹಿಡಿದವರು ಮತ್ತೆ ಬಿಡುವುದಿಲ್ಲ. 1991ರಲ್ಲಿ ಸೋವಿಯತ್ ಒಕ್ಕೂಟವೇ ಕುಸಿದಾಗ ದೇಶದ ಆರ್ಥಿಕತೆಯ ಸುಮಾರು ಮೂರನೇ ಒಂದರಷ್ಟಿದ್ದ ನೆರವು ನಿಂತುಹೋಯಿತು, ಜನ ರೇಷನ್ ಕಾರ್ಡ್ ಹಿಡಿದು ಸಾಲು ನಿಲ್ಲಬೇಕಾಯಿತು. ಮತ್ತೆ ಯಾರೋ ಒಬ್ಬರ ಮಡಿಲಿಗೆ ಬೀಳಬಾರದು ಅನ್ನುವ ಹಟ ಹುಟ್ಟಿದ್ದು ಆಗ.

ಇದು ಯಾರ ವಿರುದ್ಧವೂ ಕಟ್ಟಿದ ಕೂಟ ಅಲ್ಲ. ಮಂಗೋಲಿಯಾ ಯಾವ ಮಿಲಿಟರಿ ಒಕ್ಕೂಟವನ್ನೂ ಸೇರಿಲ್ಲ. ಅದಕ್ಕೆಂದೇ ಕಾನೂನು ಮಾಡದ ಹೊರತು ವಿದೇಶಿ ಸೇನೆ ಅಲ್ಲಿ ನೆಲೆ ನಿಲ್ಲುವಂತಿಲ್ಲ ಎಂದು 1992ರ ಸಂವಿಧಾನದಲ್ಲೇ ಇದೆ. ಅದೇ ವರ್ಷ ಅಧ್ಯಕ್ಷ ಒಚಿರ್‌ಬಾತ್ ವಿಶ್ವಸಂಸ್ಥೆಯಲ್ಲಿ ನಿಂತು ತಮ್ಮ ದೇಶ ಅಣ್ವಸ್ತ್ರ ಮುಕ್ತ ಎಂದು ಘೋಷಿಸಿದರು. ಎರಡೂ ಕಡೆ ಅಣ್ವಸ್ತ್ರ ಇಟ್ಟುಕೊಂಡ ದೊಡ್ಡವರಿದ್ದಾಗ ಇದು ಧೈರ್ಯದ ಮಾತೇ ಅಲ್ವಾ? ನೀತಿಯಲ್ಲಿ ಮೊದಲ ಸ್ಥಾನ ಇವತ್ತಿಗೂ ರಷ್ಯಾ, ಚೀನಾಕ್ಕೇ. ಅವರಿಬ್ಬರನ್ನು ಬಿಟ್ಟುಬಿಡುವ ಮಾತೇ ಇಲ್ಲ, ಅವರಿಬ್ಬರ ಮೇಲೆ ಮಾತ್ರ ನಿಲ್ಲಬಾರದು ಅನ್ನುವುದಷ್ಟೇ ಲೆಕ್ಕ.

ಜನರ ಬದುಕಿನಲ್ಲಿ ಈ ದೂರದ ನೆರೆಯವರು ಚೆನ್ನಾಗಿಯೇ ಕಾಣುತ್ತಾರೆ. ಉಲಾನ್‌ಬಾತರ್‌ನಲ್ಲಿ ‘ಸೋಲ್ ಸ್ಟ್ರೀಟ್’ ಇದೆ, ಕೊರಿಯಾದ ಅಂಗಡಿ ಸರಪಳಿಗಳು ತುಂಬಿವೆ, ಸಾವಿರಾರು ಮಂಗೋಲರು ಕೊರಿಯಾದಲ್ಲಿ ದುಡಿಯುತ್ತಾರೆ. ಜಪಾನಿನ ಸುಮೋ ಅಖಾಡದಲ್ಲಿ ಅಸಶೋರ್ಯು, ಹಕುಹೋ ಇಬ್ಬರೂ ಮಂಗೋಲಿಯಾದಿಂದ ಬಂದವರು, ಹಕುಹೋ ಗೆದ್ದ 45 ಪ್ರಶಸ್ತಿಗಳು ಇವತ್ತಿಗೂ ದಾಖಲೆ. 2021ರಲ್ಲಿ ತೆರೆದ ಚಿಂಗಿಸ್ ಖಾನ್ ವಿಮಾನ ನಿಲ್ದಾಣ ಜಪಾನ್ ಸಾಲದಿಂದ ಕಟ್ಟಿದ್ದು. 2023ರಲ್ಲಿ ಫ್ರಾನ್ಸ್ ಅಧ್ಯಕ್ಷ ಮ್ಯಾಕ್ರಾನ್ ಬಂದರು, ಕಣ್ಣಿದ್ದದ್ದು ಯುರೇನಿಯಂ ಮೇಲೆ.

ಭಾರತದ ವಿಷಯಕ್ಕೆ ಸ್ವಲ್ಪ ನಿಲ್ಲಬೇಕು. 1955ರಲ್ಲೇ ನಾವು ಮಂಗೋಲಿಯಾ ಜೊತೆ ರಾಜತಾಂತ್ರಿಕ ಸಂಬಂಧ ಬೆಳೆಸಿದ್ದೆವು, 1961ರಲ್ಲಿ ಅದು ವಿಶ್ವಸಂಸ್ಥೆ ಸೇರುವಾಗ ಬೆಂಬಲಕ್ಕೆ ನಿಂತಿದ್ದೆವು. ಆದರೆ ಜನರ ಮನಸ್ಸಿನಲ್ಲಿ ಕೂತದ್ದು ಒಬ್ಬ ಸನ್ಯಾಸಿ. ಲಡಾಖಿನ ಕುಶೋಕ್ ಬಕುಲಾ ರಿಂಪೋಚೆ 1990ರಿಂದ 2000ದವರೆಗೆ ಅಲ್ಲಿ ಭಾರತದ ರಾಯಭಾರಿ. ದಶಕಗಳ ಕಾಲ ಪೂಜೆ, ಪಾಠ ಎಲ್ಲ ಅದುಮಿಟ್ಟಿದ್ದ ನಾಡಿಗೆ ಕಾವಿ ಉಟ್ಟ ರಾಯಭಾರಿ ಬಂದರೆ ಜನ ಸುಮ್ನೆ ಇರ್ತಾರಾ? ಆಶೀರ್ವಾದ ಕೇಳಿಕೊಂಡು ಅವರ ಹತ್ತಿರ ಬರತೊಡಗಿದರು, ಪ್ರೀತಿಯಿಂದ ‘ಎಲ್ಚಿನ್ ಬಗ್ಶ್’ ಎಂದರು, ಅಂದರೆ ರಾಯಭಾರಿ ಗುರುಗಳು. ಮುಚ್ಚಿದ ಮಠಗಳು ತೆರೆಯಲು ನೆರವಾದರು, ಉಲಾನ್‌ಬಾತರ್‌ನಲ್ಲಿ ಪೆಥುಬ್ ಅನ್ನುವ ಮಠವನ್ನೂ ಕಟ್ಟಿಸಿದರು. ಭಾರತವನ್ನು ‘ಆಧ್ಯಾತ್ಮಿಕ ನೆರೆ’ ಎಂದು ಕರೆಯುವುದುಂಟು. ಅದು ಬಾಯಿಮಾತಲ್ಲ ಅನ್ನುವುದಕ್ಕೆ ನಮ್ಮ ಉತ್ತರ ಕನ್ನಡದ ಮುಂಡಗೋಡಿಗೆ ಹೋದರೆ ಸಾಕು. ಅಲ್ಲಿನ ಟಿಬೆಟನ್ ನೆಲೆಯಲ್ಲಿರುವ ದ್ರೆಪುಂಗ್ ಗೋಮಾಂಗ್ ಮಠದಲ್ಲಿ ಮಂಗೋಲಿಯಾದ ಭಿಕ್ಷುಗಳು ಓದುತ್ತಾರೆ. ಹಿಂದೆ ಇದೇ ಗೋಮಾಂಗ್ ಲ್ಹಾಸಾದಲ್ಲಿದ್ದಾಗ ಮಂಗೋಲರು ಅಲ್ಲಿಗೇ ಹೋಗುತ್ತಿದ್ದರು, ಮಠ ಕರ್ನಾಟಕಕ್ಕೆ ಬಂದ ಮೇಲೆ, ಅವರ ದೇಶವೂ ಬಾಗಿಲು ತೆರೆದ ಮೇಲೆ, ದಾರಿ ಇತ್ತ ತಿರುಗಿತು.

ಇಷ್ಟೆಲ್ಲ ಇದ್ದರೂ ಕಷ್ಟ ಬಂದಾಗ ದೂರದ ನೆರೆ ಎಷ್ಟು ಉಪಯೋಗಕ್ಕೆ ಬರುತ್ತದೆ? 2016ರ ನವೆಂಬರಿನಲ್ಲಿ ದಲೈ ಲಾಮಾ ಉಲಾನ್‌ಬಾತರ್‌ಗೆ ಹೋದರು. ಚೀನಾ ಸಾಲದ ಮಾತುಕತೆ ನಿಲ್ಲಿಸಿತು, ಗಾಶೂನ್ ಸುಖಾಯ್ತ್ ಗಡಿ ದಾಟುವ ಲಾರಿಗಳ ಮೇಲೆ ಹೊಸ ಶುಲ್ಕ ಹಾಕಿತು. ದಿಲ್ಲಿಯಲ್ಲಿದ್ದ ಮಂಗೋಲಿಯಾ ರಾಯಭಾರಿ ಭಾರತದ ಬೆಂಬಲ ಕೇಳಿದರು. ಭಾರತ ಒಳ್ಳೆಯ ಮಾತಾಡಿತು, 2015ರಲ್ಲಿ ಘೋಷಿಸಿದ್ದ 100 ಕೋಟಿ ಡಾಲರ್ ಸಾಲವನ್ನು ನೆನಪಿಸಿತು. ಆದರೆ ಗಡಿಯಲ್ಲಿ ನಿಂತ ಲಾರಿಯನ್ನು ಮುಂದೆ ಕಳಿಸುವುದು ದಿಲ್ಲಿಯ ಕೈಯಲ್ಲಿರಲಿಲ್ಲ. ಡಿಸೆಂಬರಿನಲ್ಲಿ ಮಂಗೋಲಿಯಾದ ವಿದೇಶಾಂಗ ಮಂತ್ರಿ, ಈ ಸರ್ಕಾರ ಇರುವ ತನಕ ದಲೈ ಲಾಮಾರನ್ನು ಮತ್ತೆ ಕರೆಯುವುದಿಲ್ಲ ಎಂದುಬಿಟ್ಟರು.

2024ರ ಸೆಪ್ಟೆಂಬರಿನಲ್ಲಿ ಇನ್ನೊಂದು ಬದಿಯಿಂದ ಬಿಸಿ ತಟ್ಟಿತು. ಪುಟಿನ್ ಬಂದರು. ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಅವರ ಮೇಲೆ ಬಂಧನದ ವಾರಂಟ್ ಹೊರಡಿಸಿತ್ತು, ಅದರ ಸದಸ್ಯ ದೇಶವಾಗಿ ಅವರನ್ನು ಬಂಧಿಸುವ ಹೊಣೆ ಮಂಗೋಲಿಯಾಕ್ಕಿತ್ತು, ಬಂಧಿಸಲಿಲ್ಲ, ಯೂರೋಪ್ ಸಿಟ್ಟಾಯಿತು. ಸರ್ಕಾರದ ವಕ್ತಾರರು ಕೊಟ್ಟ ಕಾರಣ ಕೇಳಿ: ನಮ್ಮ ಪೆಟ್ರೋಲಿಯಂನ ಶೇ. 95ರಷ್ಟು, ವಿದ್ಯುತ್ತಿನ ಶೇ. 20ಕ್ಕೂ ಜಾಸ್ತಿ ಪಕ್ಕದವರಿಂದ ಬರುತ್ತದೆ. ಅಲ್ಲಿ ಚಳಿಗಾಲದಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಇಳಿಯುತ್ತದೆ. ದೂರ ಕೂತು ಬೈಯುವುದು ನನಗಂತೂ ಸರಿ ಕಾಣುವುದಿಲ್ಲ.

ರೈಲಿನ ವಿಷಯ ಒಂದನ್ನು ನೋಡಿದರೆ ಅವರ ಇಕ್ಕಟ್ಟು ಎಂಥದ್ದು ಅಂತ ಗೊತ್ತಾಗುತ್ತದೆ. ಮಂಗೋಲಿಯಾದ ಹಳಿ ರಷ್ಯಾದ ಅಳತೆಯದು, 1,520 ಮಿಲಿಮೀಟರ್. ಚೀನಾದ್ದು 1,435. ಹಾಗಾಗಿ ಗಡಿಯ ಎರೆನ್‌ಹೊಟ್‌ನಲ್ಲಿ ಪ್ರಯಾಣಿಕರ ರೈಲಿನ ಡಬ್ಬಿಗಳನ್ನು ಬಿಡಿಸಿ, ಒಂದೊಂದನ್ನೂ ಜ್ಯಾಕ್ ಹಾಕಿ ಎತ್ತಿ, ಕೆಳಗಿನ ಗಾಲಿಗಳ ಸೆಟ್ ಉರುಳಿಸಿ ತೆಗೆದು ಬೇರೆ ಅಳತೆಯದನ್ನು ತೂರಿಸುತ್ತಾರೆ. ಇದಕ್ಕೆ ಗಂಟೆಗಟ್ಟಲೆ ಬೇಕು. ಮುಖ್ಯ ರೈಲು ಕಂಪನಿಯ ಅರ್ಧ ಪಾಲು ಈಗಲೂ ರಷ್ಯಾದ್ದು. ಸಮುದ್ರದ ವ್ಯಾಪಾರಕ್ಕೆ ಚೀನಾದ ಟಿಯಾಂಜಿನ್ ಬಂದರೇ ಮುಖ್ಯ ದಾರಿ. ರಫ್ತಿನ ಬಹುಪಾಲು, ಅಂದರೆ ಕಲ್ಲಿದ್ದಲು, ತಾಮ್ರ, ಹೋಗುವುದು ಚೀನಾಕ್ಕೇ. ನಮ್ಮ ಉಕ್ಕಿನ ಕಾರ್ಖಾನೆಗಳಿಗೆ ಅವರ ಕೋಕಿಂಗ್ ಕಲ್ಲಿದ್ದಲು ಬೇಕು, ಅವರಿಗೆ ಮಾರಬೇಕು, ಮಾತುಕತೆ ಪ್ರತಿ ಸಲ ಬಂದು ನಿಲ್ಲುವುದು ಯಾರ ನೆಲ ದಾಟಿ ತರುವುದು ಅನ್ನುವಲ್ಲಿ.

ಅದಕ್ಕೇ ಈ ನೀತಿಯಿಂದ ಮಂಗೋಲಿಯಾಕ್ಕೆ ಸಿಕ್ಕಿದ್ದು ದಾರಿಯಲ್ಲ, ದನಿ ಅನ್ನುವುದು ನನ್ನ ಅಭಿಪ್ರಾಯ. 35 ಲಕ್ಷದಷ್ಟು ಜನರಿರುವ ದೇಶ ಇಬ್ಬರು ದೈತ್ಯರ ನಡುವೆ ಚುನಾವಣೆ ನಡೆಸಿಕೊಂಡು, ಸರ್ಕಾರ ಬದಲಿಸಿಕೊಂಡು, ಚೌಕದಲ್ಲಿ ಪ್ರತಿಭಟನೆ ಮಾಡಿಕೊಂಡು ಇರುವುದಕ್ಕೆ ಹೊರಗಿನವರ ಕಣ್ಣು ಅಲ್ಲಿರುವುದೂ ಒಂದು ಕಾರಣ. 2025ರಿಂದ ಸರ್ಕಾರಿ ಕಾಗದಪತ್ರಗಳಲ್ಲಿ ಆ ಹಳೆಯ ಲಿಪಿಯೂ ಸಿರಿಲಿಕ್ ಜೊತೆಗೆ ವಾಪಸ್ ಬಂದಿದೆ, ಅದೂ ಇದೇ ಆತ್ಮವಿಶ್ವಾಸದ ಭಾಗ.

ನೆರೆಯವರಾಗಿ ನಾವು ನಿಜವಾಗಿ ಮಾಡಬಹುದಾದ ಕೆಲಸ ಗೋಬಿ ಸೀಮೆಯ ಸೈನ್‌ಶಾಂಡ್ ಹತ್ತಿರ ನಡೆಯುತ್ತಿದೆ. ಭಾರತದ ಸಾಲದಿಂದ ಕಟ್ಟುತ್ತಿರುವ ತೈಲ ಸಂಸ್ಕರಣಾ ಘಟಕ, ವರ್ಷಕ್ಕೆ 15 ಲಕ್ಷ ಟನ್ ಸಾಮರ್ಥ್ಯ, ಸಾಲದ ಮೊತ್ತ ಈಗ 170 ಕೋಟಿ ಡಾಲರ್. ಮಂಗೋಲಿಯಾದ್ದೇ ಕಚ್ಚಾ ತೈಲ ಅಲ್ಲೇ ಡೀಸೆಲ್, ಪೆಟ್ರೋಲ್ ಆದರೆ ಆ ಶೇ. 95ರ ಲೆಕ್ಕ ಬದಲಾಗುತ್ತದೆ. ಅಡಿಗಲ್ಲು ಹಾಕಿದ್ದು 2018ರಲ್ಲಿ. ಇನ್ನು ತಡ ಮಾಡದೆ ಮುಗಿಸಿಕೊಡಬೇಕು.